ನಡುಗಡ್ಡೆಯ ಎಣ್ಣೆ ಮತ್ತು ಶಿವವ್ವನ ಇಪ್ಪತ್ತು ಷೇರು

ನಮ್ಮಕ್ಕ ಶಿವವ್ವ ಷೇರುದಾರಳಾಗಿದ್ದಳು. ನಗುವವರು ನಕ್ಕುಬಿಡಿ, ನಾನು ಕಾಯುತ್ತೇನೆ. ಬನಹಟ್ಟಿಯಲ್ಲಿ ಮಗ್ಗದ ಕುಣಿಗೆ ಕಾಲಿಳಿಸಿ ಕೂತು ಸೀರೆ ನೇಯುತ್ತಿದ್ದ ಗಂಡನಿಲ್ಲದ ಹೆಣ್ಣುಮಗಳು, ಸಮುದ್ರದ ನಡುವೆ ಎಲ್ಲೋ ಇದ್ದ ನಡುಗಡ್ಡೆಯಲ್ಲಿ ಎಣ್ಣೆ ಹುಡುಕುವ ಮುಂಬೈ ಕಂಪನಿಯೊಂದರಲ್ಲಿ ಇಪ್ಪತ್ತು ಷೇರು ಹಿಡಿದಿದ್ದಳು. ಕೊಡಿಸಿದ ಜಾಣ, ನಮ್ಮ ಮಾತಿನಲ್ಲಿ ಶಾಣ್ಯಾ, ನಾನೇ, ಅವಳ ತಮ್ಮ ನೀಲಕಂಠ. ನನ್ನ ಶಾಣ್ಯಾತನ ಆಮೇಲೆ ಬರುತ್ತದೆ, ಅದಕ್ಕೇನು ಅವಸರವಿಲ್ಲ. ಮೊದಲು ಅಕ್ಕನ ಮಾತು.

ರಬಕವಿಯಲ್ಲಿ ಹುಟ್ಟಿದಳು, ಹದಿನಾಲ್ಕಕ್ಕೆ ಬನಹಟ್ಟಿಗೆ ಸೊಸೆಯಾಗಿ ಬಂದಳು. ಎರಡೂ ಊರಿನ ನಡುವೆ ಒಂದು ಹರದಾರಿಯೂ ಇಲ್ಲ, ಆದರೂ ಬರುವಾಗ ಕೃಷ್ಣೆ ದಾಟಿ ಪರದೇಶಕ್ಕೆ ಹೋಗುವವಳಂತೆ ಅತ್ತಿದ್ದಳಂತೆ. ಇಪ್ಪತ್ತಾರಕ್ಕೆ ಗಂಡ ತೀರಿಕೊಂಡ. ಮಗಳು ಶೇವಂತಿಗೆ ಆಗ ಆರು ವರ್ಷ. ಭಾವಂದಿರು, "ಮಗ್ಗ ಮಾರಿಬಿಡು, ನಮ್ಮ ಮನ್ಯಾಗ ಕಂಡಿಕಿ ಸುತ್ತಕೋಂತ ಇರು, ಎರಡು ರೊಟ್ಟಿಗೆ ಕಡಿಮಿ ಮಾಡೂದಿಲ್ಲ" ಎಂದರು. ಅಕ್ಕ ತಿಂಗಳು ತುಂಬುವ ಮೊದಲೇ ಗಂಡನ ಮಗ್ಗದಲ್ಲಿ ಕೂತು ಲಾಳಿ ಹೊಡೆಯತೊಡಗಿದಳು. ಹೆಂಗಸರು ನೂಲು ಸುತ್ತಬೇಕು, ಗಂಡಸರು ನೇಯಬೇಕು ಎನ್ನುತ್ತಿದ್ದ ಓಣಿಯ ಹಿರಿಯರು ಎಂಟು ದಿನ ಗೊಣಗಿದರು. ಒಂಬತ್ತನೆಯ ದಿನ ಅವಳು ನೇಯ್ದ ಸೀರೆಯ ಅಂಚು ನೋಡಿ ಬಾಯಿ ಮುಚ್ಚಿಕೊಂಡರು. ಹತ್ತು ವರ್ಷಕ್ಕೆ ಎರಡನೆಯ ಮಗ್ಗ ಹೂಡಿಸಿ ಅದರಲ್ಲಿ ಶೇವಂತಿಯನ್ನು ಕೂಡ್ರಿಸಿದಳು.

ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾವುಕಾರ ನೇಕಾರನಿಗೆ ನೂಲನ್ನು ತೂಗಿ ಕೊಡುತ್ತಾನೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ. ನಡುವೆ ಕಡಿದು ಹೋದ ತುಂಡು ನೂಲನ್ನೂ ಉಂಡೆ ಕಟ್ಟಿ ತಂದು ತಕ್ಕಡಿಗೆ ಹಾಕಬೇಕು. ಕೊಟ್ಟದ್ದು ಇಷ್ಟು, ಸೀರೆಯಾದದ್ದು ಇಷ್ಟು, ಕೆಟ್ಟದ್ದು ಇಷ್ಟು. ಕೆಟ್ಟದ್ದಕ್ಕೆ ಯಾರೂ ಬೈಯುವುದಿಲ್ಲ, ನೂಲು ಅಂದಮೇಲೆ ಕಡಿಯುತ್ತದೆ. ತೋರಿಸದಿದ್ದರೆ ಮಾತ್ರ ಅವತ್ತಿಗೆ ಮರ್ಯಾದೆ ಹೋಯಿತು. ನಮ್ಮ ಸಾವುಕಾರ ಶಂಕರೆಪ್ಪ ಎಲ್ಲರ ಗಂಟನ್ನೂ ಬಿಚ್ಚಿ ತೂಗುತ್ತಿದ್ದ, ಅಕ್ಕನದನ್ನು ಮಾತ್ರ ಹಾಗೆಯೇ ಒಳಗೆ ಇಡಿಸಲು ನೋಡುತ್ತಿದ್ದ. ಅಕ್ಕನೇ ಬಿಡುತ್ತಿರಲಿಲ್ಲ. "ತೂಗ್ರಿ ಸಾವುಕಾರ್ರ, ನಂಬಿಗಿ ಬ್ಯಾರೆ, ತಕ್ಕಡಿ ಬ್ಯಾರೆ" ಅಂತ ನಿಂತುಬಿಡುತ್ತಿದ್ದಳು.

ಇನ್ನು ನನ್ನ ಶಾಣ್ಯಾತನ. ನಾನು ಜಮಖಂಡಿಯಲ್ಲಿ ನಾಲ್ಕು ಇಯತ್ತೆ ಇಂಗ್ಲಿಷ್ ಓದಿದವನು. ಅಕ್ಕನ ಓಣಿಯಲ್ಲೇ ಇದ್ದುಕೊಂಡು ಬನಹಟ್ಟಿಯ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತ. ಸೈಕಲ್ ಇತ್ತು, ಕಿಸೆಯಲ್ಲಿ ಪೆನ್ನು ಇತ್ತು, ತಲೆಯಲ್ಲಿ ಗಾಳಿ ಇತ್ತು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಲ್ಕು ವರ್ಷವಾಗಿತ್ತು. ಆಗ ಜಮಖಂಡಿಯ ಬಾಳು ಎಂಬ ಏಜಂಟ ನಮ್ಮ ಓಣಿಗೆ ಬಂದ. ಒಂದು ನಕಾಶೆ ಬಿಚ್ಚಿ, ನೀಲಿ ಸಮುದ್ರದಲ್ಲಿ ಸಾಸಿವೆಯಷ್ಟು ಚುಕ್ಕೆಯ ಮೇಲೆ ಬೆರಳಿಟ್ಟ. ಅಲ್ಲಿ ಕಂಪನಿ ಕೊಳವೆ ಇಳಿಸಿ ನೆಲ ಕೊರೆಯುತ್ತಿದೆ, ಕಲ್ಲಿನ ಕೆಳಗೆ ಎಣ್ಣೆ ಇದೆ, ಹತ್ತು ರೂಪಾಯಿಯ ಷೇರಿಗೆ ಈಗ ಐದು ಕೊಟ್ಟರೆ ಸಾಕು, ಉಳಿದ ಐದನ್ನು ಕಂಪನಿ ಕೇಳಿದಾಗ ಕೊಡಬೇಕು ಎಂದ.

"ನೆಲದಾಗಿಂದ ಚಿಮಣಿ ಎಣ್ಣಿ ಬುಳುಬುಳು ಬಂತಂದ್ರ ಎಣ್ಣಿ ಸೋವಿ ಆಗತೈತಿ. ಆವಾಗ ನಮಗೇನು ಸಿಗತೈತೊ?" ಎಂದು ಕೇಳಿದವನು ಎದುರುಮನೆಯ ರಾಮಲಿಂಗಪ್ಪ.

ಅವನಿಗೆ ಬುದ್ಧಿ ಹೇಳಿದವನು ಬಾಳು ಅಲ್ಲ, ನಾನು! ಅರ್ಧ ತಾಸು ಭಾಷಣ ಮಾಡಿದೆ. ಕೊನೆಗೆ ಹದಿನೇಳು ಮನೆಯವರು ಷೇರು ತೆಗೆದುಕೊಂಡರು. ಅಕ್ಕ ಅವಸರ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು, ನನ್ನನ್ನು ಕರೆದು, ನೂರು ರೂಪಾಯಿ ಕೈಗಿಟ್ಟಳು. ಅವಳಿಗೆ ವಿದ್ಯುತ್ ಮಗ್ಗದ ಆಸೆ. ಊರಲ್ಲಿ ಆಗ ಒಂದೆರಡು ಬಂದಿದ್ದವು. ಕುಣಿಯ ತಂಪಿಗೆ ಅವಳ ಮೊಣಕಾಲು ಹಿಡಿದುಕೊಳ್ಳುತ್ತಿದ್ದವು, ಶೇವಂತಿಗೆ ಆ ಗತಿ ಬೇಡ ಎಂಬುದು ಅವಳ ಮನಸ್ಸಿನಲ್ಲಿತ್ತು.

ಎರಡು ವರ್ಷ ಕಳೆದ ಮೇಲೆ ಟಪಾಲು ಬಂತು. ಉಳಿದ ಐದು ರೂಪಾಯಿ ಕೊಡಿ, ಹದಿನೈದು ದಿನದೊಳಗೆ ಕೊಡದಿದ್ದರೆ ಷೇರು ರದ್ದು, ಮೊದಲು ಕೊಟ್ಟದ್ದೂ ಹೋಯಿತು. ಇನ್ನೂ ಆಳಕ್ಕೆ ಕೊರೆಯಲು ಹಣ ಬೇಕಂತೆ. ಅಕ್ಕ ಇನ್ನೊಂದು ನೂರು ಕೊಡಬೇಕು. ಎಲ್ಲಿಂದ ತರುವುದು? ಆ ವರ್ಷ ನೂಲಿನ ಬೆಲೆ ಏರಿ ಕೂಲಿ ಇಳಿದಿತ್ತು. ನೂರು ಹುಟ್ಟಬೇಕಾದರೆ ಶೇವಂತಿಯ ಮಗ್ಗ ಮಾರಬೇಕು. ಬೇರೆ ದಾರಿ ಇರಲಿಲ್ಲ.

ನಾನು ಅಷ್ಟರಲ್ಲೇ ಮಹಾಲಿಂಗಪುರದಿಂದ ಗಿರಾಕಿಯನ್ನು ಕರೆತಂದಿದ್ದೆ, ಅಕ್ಕನಿಗೆ ಹೇಳದೆ! ಅವನು ಮಗ್ಗದ ಕಟ್ಟಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಶೇವಂತಿ ಲಾಳಿಯನ್ನು ಕೈಯಿಂದ ಕೆಳಗಿಡಲಿಲ್ಲ.

"ಮಾಮಾ, ನಿನ್ನ ಸೈಕಲ್ ಮಾರು," ಎಂದಳು.

ಗಿರಾಕಿ ನಕ್ಕ. ನನಗೆ ಸಿಟ್ಟು ಬಂತು, ಯಾಕೆಂದರೆ ಹುಡುಗಿ ಹೇಳಿದ್ದು ಖರೆ ಇತ್ತು. ಅವನನ್ನು ಸಾಗಹಾಕಿ ಅಕ್ಕನ ಮುಂದೆ ಕೂತೆ.

"ಅಕ್ಕಾ, ಕೊಡದಿದ್ರ ಮೊದಲಿನ ನೂರೂ ನೀರಾಗ ಹೋದಂಗ. ಓಣಿಯವ್ರು ಎಲ್ಲಾರೂ ನಿನ್ನ ಮಾರಿ ನೋಡಾಕತ್ತಾರ. ಶಿವವ್ವಕ್ಕ ಕೊಟ್ರ ನಾವೂ ಕೊಡ್ತೇವಿ ಅಂತಾರ. ನೀ ಕೊಡಲಿಲ್ಲಂದ್ರ ನಾ ಈ ಊರಾಗ ಹೆಂಗ ತಿರುಗಾಡ್ಲಿ?"

"ನೀ ತಿರುಗಾಡಾಕ ನನ್ನ ಮಗಳ ಮಗ್ಗ ಬೇಕೇನಲೇ ನೀಲ್ಯಾ?" ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಕಂಪನಿಯವ್ರು ವರ್ಷಕ್ಕೊಮ್ಮಿ ಒಂದು ಪುಸ್ತಕ ಕಳಸ್ತಾರಲ್ಲ, ಅದನ್ನ ಓದಿ ಹೇಳು. ಎಲ್ಲಾ ಓದು. ಅರ್ಧಾ ನುಂಗಬ್ಯಾಡ," ಎಂದಳು.

ಆ ಪುಸ್ತಕವನ್ನು ನಾನು ಚಿತ್ರ ನೋಡಿ ಗೂಡಿನಲ್ಲಿ ಇಟ್ಟಿದ್ದೆ. ತೆಗೆದು ತಡವರಿಸುತ್ತ ಓದಿದೆ. ಅಕ್ಕ ನೇಯುತ್ತಲೇ ಕೇಳಿದಳು. ಡೈರೆಕ್ಟರರ ಹೆಸರು, ಹಡಗಿನ ಬಾಡಿಗೆ, ಕೊಂಡ ಕೊಳವೆ ನಾಲ್ಕು ಸಾವಿರ ಅಡಿ. ಎರಡು ಹಾಳೆಯ ಆಚೆ, ಕೊರೆದ ಆಳ ಒಂಬೈನೂರು ಅಡಿ. ನಾನು ಮುಂದೆ ಹೋಗುತ್ತಿದ್ದೆ. ಲಾಳಿ ನಿಂತಿತು.

"ತಡಿ. ನಾಕ ಸಾವಿರ ಅಡಿ ಕೊಳವಿ ಕೊಂಡಾರ, ಒಂಬೈನೂರು ಅಡಿ ಇಳಿಸ್ಯಾರ. ಉಳಿದದ್ದು ಎಲ್ಲೈತಿ?"

"ಎಲ್ಲೋ ಇರತೈತಿ ಬಿಡಕ್ಕಾ."

"ಎಲ್ಲೋ ಅಂತ ನಾ ಶಂಕರೆಪ್ಪಗ ಹೇಳಿದ್ರ ಅಂವ ನನಗ ಮತ್ತ ನೂಲು ಕೊಡ್ತಾನೇನು? ತುಂಡಾಗಿದ್ರ ತುಂಡಾದ್ರೂ ತೋರಸಬೇಕಲ್ಲ. ಕೊಳವಿ ಮನ್ಯಾಗ ಬಿದ್ದಿದ್ರ, ಇನ್ನೂ ಆಳ ಕೊರ್ಯಾಕ ರೊಕ್ಕ ಯಾಕ ಬೇಕು?"

ನಾಲ್ಕು ಇಯತ್ತೆ ಇಂಗ್ಲಿಷ್ ಓದಿದ ನಾನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಮೂರು ಸಾವಿರದ ನೂರು ಅಡಿ ಎಲ್ಲೂ ಇರಲಿಲ್ಲ.

ನಮ್ಮ ಕಡೆಯಿಂದ ಹಣ ಹೊರಡುತ್ತಿಲ್ಲವೆಂದು ಬಾಳು ಬರೆದಿದ್ದನೋ ಏನೋ, ಆ ವಾರವೇ ಕಂಪನಿಯ ಸೆಕ್ರೆಟರಿ ಸಾಹೇಬರು ಮುಂಬೈಯಿಂದ ಬಂದರು. ಅವತ್ತು ಅಮಾವಾಸ್ಯೆ, ಮಗ್ಗಕ್ಕೆ ರಜೆ. ಗುಡಿಯ ಪಡಸಾಲೆ ಮಧ್ಯಾಹ್ನವೇ ತುಂಬಿತು. ಸಾಹೇಬರು ನರೆತ ಕೂದಲಿನ ತೆಳ್ಳಗಿನ ಮನುಷ್ಯ, ಮಾತಿನಲ್ಲಿ ಮೆತ್ತಗೆ. ಮರಾಠಿಯಲ್ಲಿ ಹೇಳಿದರು, ನಮ್ಮವರಿಗೆಲ್ಲ ಅದು ತಿಳಿಯುತ್ತಿತ್ತು. ಎಣ್ಣೆ ಇನ್ನೇನು ಸಿಗುವುದಿದೆ, ಈಗ ಕೈಬಿಟ್ಟರೆ ನಷ್ಟ ನಿಮ್ಮದೇ ಎಂದರು. ಒಬ್ಬಿಬ್ಬರು ಕಿಸೆಗೆ ಕೈ ಹಾಕಿದ್ದನ್ನು ನಾನು ಕಂಡೆ. ರಾಮಲಿಂಗಪ್ಪನಂತೂ ರೊಕ್ಕದ ಗಂಟನ್ನು ಬಿಚ್ಚಿಯೇ ಇಟ್ಟುಕೊಂಡಿದ್ದ.

ಅಕ್ಕ ಹೆಂಗಸರ ಸಾಲಿನಿಂದ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಅವಳ ದನಿ ಮನೆಯಲ್ಲಿ ಇದ್ದಂತೆಯೇ ಇತ್ತು.

"ಸಾಹೇಬ್ರ, ನನ್ನವು ಇಪ್ಪತ್ತು ಷೇರು ಅದಾವ್ರಿ. ನಾಕ ಸಾವಿರ ಅಡಿ ಕೊಳವಿ ಕೊಂಡೀರಿ, ಒಂಬೈನೂರು ಅಡಿ ಇಳಿಸೀರಿ. ಉಳಿದ ಕೊಳವಿ ಎಲ್ಲಿ ಅದಾವ್ರಿ?"

ಸಾಹೇಬರಿಗೆ ಕನ್ನಡ ಬಾರದು. ಬಾಳು ಮರಾಠಿಯಲ್ಲಿ, "ಕೆಲಸ ಹೇಗೆ ನಡೆದಿದೆ ಎಂದು ಕೇಳುತ್ತಿದ್ದಾರೆ" ಎಂದ.

"ಏ ಬಾಳಪ್ಪಾ! ನನಗೂ ಮರಾಠಿ ತಿಳಿತೈತಿ. ನಾ ಕೇಳಿದ್ದಷ್ಟ ಹೇಳು, ಬೆಲ್ಲಾ ಹಚ್ಚಬ್ಯಾಡ."

ಪಡಸಾಲೆ ಘೊಳ್ಳೆಂದು ನಕ್ಕಿತು. ಬಾಳು ಕಿವಿ ಕೆಂಪಗೆ ಮಾಡಿಕೊಂಡು, ಇದ್ದದ್ದು ಇದ್ದಂತೆ ಹೇಳಿದ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರು ಸುಳ್ಳು ಹೇಳಬಹುದಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ. ಹೇಳಲಿಲ್ಲ, ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವವಿದೆ. ಆ ನಡುಗಡ್ಡೆಗೆ ಹಡಗು ಹತ್ತಿರ ಹೋಗುವುದೇ ಆಗುವುದಿಲ್ಲ, ಅಲೆ ಹಾಗಿದೆ, ಒಂಬೈನೂರು ಅಡಿಯನ್ನು ಸಣ್ಣ ದೋಣಿಗಳಲ್ಲಿ ಹೇಗೋ ಸಾಗಿಸಿದ್ದಾಯಿತು ಎಂದರು. ಉಳಿದ ಕೊಳವೆಯನ್ನು ಹದಿನೆಂಟು ಮೈಲು ಆಚೆ ಇನ್ನೊಂದು ನಡುಗಡ್ಡೆಯ ದಂಡೆಗೆ ಇಳಿಸಿದ್ದಾರೆ, ಎರಡು ವರ್ಷದಿಂದ ತುಕ್ಕು ಹಿಡಿಯುತ್ತಿದೆ, ಈಗ ಕೇಳುವ ಹಣ ಕೊರೆಯಲಿಕ್ಕಲ್ಲ, ಹಡಗು ನಿಲ್ಲಲು ಒಂದು ಕಟ್ಟೆ ಕಟ್ಟಲಿಕ್ಕೆ ಎಂದರು.

"ಕಟ್ಟಿ ಕಟ್ಟೂದು ತಪ್ಪಲ್ರಿ. ಹಂಗಂತ ಕಾಗದದಾಗ ಯಾಕ ಬರೀಲಿಲ್ರಿ?" ಎಂದು ಅಕ್ಕ ಕೇಳಿದಳು.

"ಬರೆದರೆ ಯಾರು ಹಣ ಕೊಡುತ್ತಿದ್ದರು, ಬಾಯಿ?" ಎಂದರು ಸಾಹೇಬರು. ಅವರ ಮರಾಠಿಯಲ್ಲಿ ಬಾಯಿ ಅಂದರೆ ಅಮ್ಮಾ ಎಂದ ಹಾಗೆ.

"ಯಾರೂ ಕೊಡೂದಿಲ್ಲಂತ ನಿಮಗ ಗೊತ್ತಿದ್ರ, ನಮ್ಮನ್ನ ಹೆಂಗ ಕೇಳಿದ್ರಿ?"

ಅಕ್ಕ ಮುಂದುವರಿಸಿದಳು. "ಅಲ್ಲಿ ಎಣ್ಣಿ ಇಲ್ಲಂತ ನಾ ಅನ್ನೂದಿಲ್ರಿ. ನಾ ನೋಡಿಲ್ಲ. ಆದ್ರ ಸಮುದ್ರದಾಗ ಕಟ್ಟಿ ಕಟ್ಟಾಕ ನನ್ನ ಮಗಳ ಮಗ್ಗ ಕೊಡೂದಿಲ್ಲ. ನನ್ನ ಷೇರು ಹೋಗ್ಲಿ."

ರಾಮಲಿಂಗಪ್ಪ ಗಂಟು ಕಟ್ಟಿದ. ಕಟ್ಟಿದವನೇ ನನ್ನ ಕಡೆ ತಿರುಗಿ ಗುಡುಗಿದ: "ಎಲ್ಲಾ ಈ ನೀಲಕಂಠನ ಉದ್ಯೋಗ! ಭಾಷಣಾ ಮಾಡಿ ಹದಿನೇಳು ಮನಿ ಮುಳುಗಿಸಿದ. ಹೋದ ರೊಕ್ಕಾ ಇಂವ ತುಂಬಿ ಕೊಡಲಿ!" ಹೌದು ಹೌದು ಎಂದು ನಾಲ್ಕು ದನಿ ಎದ್ದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಲೆ ಎತ್ತಲಿಲ್ಲ. ಅವರು ಅಂದದ್ದು ಸುಳ್ಳೇನೂ ಅಲ್ಲವಲ್ಲ.

"ರಾಮಲಿಂಗಣ್ಣಾ, ಕುಂದರು," ಎಂದಳು ಅಕ್ಕ. "ಇಂವ ಓದಿ ಹೇಳಿದ, ಅಷ್ಟ. ಷೇರು ತಗೊಂಡಾಕಿ ನಾ. ನಾಕ ದಿನ ವಿಚಾರ ಮಾಡಿ ತಗೊಂಡೇನಿ. ಕರೆಂಟ್ ಮಗ್ಗದ ಆಸೆ ನಂದು, ನೂರು ರೂಪಾಯಿ ಕಳಕೊಂಡಾಕಿನೂ ನಾ. ಎಣ್ಣಿ ಬಂದಿದ್ರ ಲಾಭದಾಗ ನೀಲ್ಯಾಗ ಪಾಲು ಕೊಡ್ತಿದ್ದಿ ಏನು ನೀ? ಮತ್ತ ನಷ್ಟದಾಗ ಯಾಕ ಹುಡುಕ್ತಿ?"

ರಾಮಲಿಂಗಪ್ಪ ಕೂತ. ನಾನು ಅತ್ತೆ. ಮೂವತ್ತು ವರ್ಷದ ಗಂಡಸು, ಕಿಸೆಯಲ್ಲಿ ಪೆನ್ನು ಇಟ್ಟುಕೊಂಡು, ಓಣಿಯ ಎದುರಿಗೆ ಅತ್ತೆ. ನಾಚಿಕೆ ಆಗಲಿಲ್ಲ. ಅಷ್ಟು ಜನರ ಮುಂದೆ ನನ್ನ ತಪ್ಪನ್ನೂ ತನ್ನ ಸೆರಗಿಗೆ ಕಟ್ಟಿಕೊಂಡು ನಿಂತ ಅಕ್ಕ ಇನ್ನೊಬ್ಬಳು ಜಮಖಂಡಿ ಮುಧೋಳದ ಸೀಮೆಯಲ್ಲಿ ಇದ್ದರೆ ತೋರಿಸಿ ನೋಡೋಣ.

ಹದಿನೇಳು ಮನೆಯವರೂ ಕೊಡಲಿಲ್ಲ. ಮುಂದೆ ಎರಡು ವರ್ಷಕ್ಕೆ ಕಂಪನಿ ಮುಚ್ಚಿತು ಎಂದು ಕೇಳಿದೆವು. ಕಟ್ಟೆ ಆಗಲೇ ಇಲ್ಲ, ಹೀಗಾಗಿ ಎಣ್ಣೆ ಇತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕರೆಂಟ್ ಮಗ್ಗ ಅಕ್ಕನ ಮನೆಗೆ ಬಂತು, ಹನ್ನೊಂದು ವರ್ಷ ತಡವಾಗಿ, ಶೇವಂತಿಯ ದುಡಿಮೆಯಿಂದ. ಅಕ್ಕ ಎಪ್ಪತ್ತೆಂಟು ವರ್ಷ ಬದುಕಿದಳು. ಇದನ್ನೆಲ್ಲ ಇಲ್ಲಿಯೇ ಹೇಳಿ ಮುಗಿಸುತ್ತಿದ್ದೇನೆ, ಯಾಕೆಂದರೆ ಆ ದಿನ ಗುಡಿಯಲ್ಲಿ ಇನ್ನೂ ಒಂದು ಮಾತು ಆಯಿತು. ಅದನ್ನು ಹೇಳಿದ ಮೇಲೆ ನನಗೆ ಬೇರೇನೂ ಹೇಳುವ ಮನಸ್ಸಾಗುವುದಿಲ್ಲ.

ಜನ ಏಳುತ್ತಿದ್ದರು. ಸಾಹೇಬರು ಸೀದಾ ಅಕ್ಕನ ಹತ್ತಿರ ಬಂದರು. "ಬಾಯಿ, ಬರುವ ತಿಂಗಳು ಮುಂಬೈಯಲ್ಲಿ ಷೇರುದಾರರ ಸಭೆ ಇದೆ. ಸಾವಿರ ಸಾವಿರ ಷೇರು ಇದ್ದವರು ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಈ ಪ್ರಶ್ನೆಯನ್ನು ಈವರೆಗೆ ಒಬ್ಬರೂ ಕೇಳಿಲ್ಲ. ನೀವು ಬಂದು ಅಲ್ಲಿ ಕೇಳಬೇಕು. ಹೋಗಿಬರುವ ವ್ಯವಸ್ಥೆ ನಾನು ಮಾಡಿಸುತ್ತೇನೆ," ಎಂದರು.

ಅಕ್ಕ ಬಾಳುವನ್ನು ಹತ್ತಿರ ಕರೆದು ಅವನ ಮೂಲಕ ಹೇಳಿದಳು.

"ಅಷ್ಟರಾಗ ನನ್ನ ಷೇರು ರದ್ದಾಗಿರತಾವ್ರಿ ಸಾಹೇಬ್ರ. ಷೇರಿಲ್ಲದಾಕಿ ಯಾವ ಹಕ್ಕಿಲೆ ಬಂದು ಕೇಳಲಿ? ಕೊಳವಿ ಎಲ್ಲಿ ಬಿದ್ದಾವಂತ ನಿಮಗ ಗೊತ್ತೈತಿ. ಅಲ್ಲಿ ಎದ್ದು ನಿಂದ್ರಾವ್ರು ನೀವ ಆಗಬೇಕ್ರಿ."

ಸಾಹೇಬರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎರಡೂ ಕೈ ಜೋಡಿಸಿದರು. ದೇವರ ಕಡೆಗಲ್ಲ, ನನ್ನ ಅಕ್ಕನ ಕಡೆಗೆ.