ಒಡೆಯದ ಹಾಲು

ಭದ್ರಾವತಿಯ ಕೈಗವಸು ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರಿಗೆ ರಬ್ಬರ್ ಹಾಲನ್ನು ಬೆರಳಲ್ಲಿ ಉಜ್ಜಿ ನೋಡುವ ಚಟ. ‘ಅವಸರ ಮಾಡ್ಬೇಡ ಮಾರಾಯ, ಒಡೆದ್ರೆ ಮುಗೀತು’ ಎನ್ನುತ್ತಿದ್ದರು.

ಅವರ ಹೆಂಡತಿ ಶಿವಮೊಗ್ಗದಲ್ಲಿ ನರ್ಸ್. ಗವಸು ತೊಟ್ಟರೆ ಆಕೆಯ ಕೈತುಂಬ ದದ್ದು ಏಳುತ್ತಿತ್ತು. ಕಾರಣ, ರಬ್ಬರ್ ಹಾಲಿನ ಪ್ರೋಟೀನು. ಹಾಲು ಒಡೆಯದಂತೆ ಹಿಡಿದಿಡುತ್ತಿದ್ದುದೂ ಅದೇ. ಸೂಪರ್‌ವೈಸರ್ ಆ ಪ್ರೋಟೀನನ್ನು ತೆಗೆಯಹೋದಾಗಲೆಲ್ಲ ಹಾಲು ಒಡೆದು ಗಡ್ಡೆ ಕಟ್ಟುತ್ತಿತ್ತು. ಆ ಗಡ್ಡೆಯನ್ನು ಅವರು ತಾವೇ ಎತ್ತಿ ಹೊರಗೆ ಹಾಕುತ್ತಿದ್ದರು, ನಮಗೆ ಮುಟ್ಟಲು ಬಿಡುತ್ತಿರಲಿಲ್ಲ.

ಕೊನೆಗೊಮ್ಮೆ, ಪ್ರೋಟೀನಿನ ಬದಲು ಹಾಲನ್ನು ಹಿಡಿದಿಡಲೆಂದು ಬೆರೆಸುತ್ತಿದ್ದ ಸೋಪಿನ ದ್ರಾವಣದ ಅಳತೆ ಕೂಡಿಬಂದು, ಪ್ರೋಟೀನು ಕಳೆದ ಹಾಲು ಒಡೆಯದೆ ನಿಂತಿತು. ಮೊದಲ ಜೊತೆ ಗವಸನ್ನು ಅವರು ಮನೆಗೆ ಒಯ್ದರು. ಅಷ್ಟರಲ್ಲಿ ಆಕೆ ದದ್ದು ತಾಳಲಾರದೆ ನರ್ಸ್ ಕೆಲಸ ಬಿಟ್ಟಾಗಿತ್ತು.

ಮರುದಿನ ಕೇಳಿದೆ: ‘ಮೇಡಂ ಏನಂದ್ರು ಸರ್?’

‘ತುರಿಕೆ ಇಲ್ವಂತೆ. ಪಾತ್ರೆ ತೊಳೆಯೋಕೆ ಚೆನ್ನಾಗಿದೆ ಅಂದ್ಲು’ ಎಂದವರು, ಏನೂ ಅಂಟಿರದ ಬೆರಳನ್ನು ಉಜ್ಜುತ್ತಲೇ ನಿಂತರು.