ಸವಡಿಯ ಹತ್ತಿಗೆ ಬಂದ ಹಳದಿ ರೋಗ

೧೮೫೬ರ ಬೇಸಿಗೆಯಲ್ಲಿ ನಾನು ರೋಣದ ಹತ್ತಿ ಪರೀಕ್ಷೆಯ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಅಮೇರಿಕದ ಬೀಜದಿಂದ ಬೆಳೆದ ಹತ್ತಿಯ ಎಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ದಪ್ಪ ಅಳೆಯುವುದು ನನ್ನ ಕೆಲಸ. ಕಣ್ಣಿಡುವ ಗಾಜಿನಲ್ಲಿ ಸಣ್ಣ ಗೆರೆಗಳ ಅಳತೆಪಟ್ಟಿ ಕೊರೆದಿತ್ತು. ಎಳೆ ಎಷ್ಟು ಗೆರೆ ಮುಚ್ಚಿತೋ ಅಷ್ಟು ದಪ್ಪ. ಜನ ಅದನ್ನು ದುರ್ಬೀನು ಎನ್ನುತ್ತಿದ್ದರು. ಅದರ ಹಿಂದೆ ಕೂತ ನನಗೂ ಊರಲ್ಲಿ ಕೊಂಚ ದೌಲತ್ತು ಬಂದಿತ್ತೆನ್ನಿ.

ಸವಡಿಯ ಗಂಗವ್ವ ಊರೆಲ್ಲ ನಕ್ಕರೂ ಕೇಳದೆ, ಇದ್ದ ಹೊಲಕ್ಕೆಲ್ಲ ಆ ಹೊಸ ಬೀಜವನ್ನೇ ಬಿತ್ತಿದ ಹೆಣ್ಣುಮಗಳು. ಆಕೆಯ ರಾಶಿಯ ಮೇಲಿಂದ ತಂದ ಹತ್ತಿಯಲ್ಲಿ ಎಳೆಎಳೆಗೂ ಹಳದಿ ಕಣ ಅಂಟಿದ್ದವು. ನಮ್ಮ ಸಾಹೇಬರು ನೋಡಿದವರೇ, “ತುಕ್ಕು ರೋಗ! ಬೀಜದ ಜೊತೆ ನರಗುಂದಕ್ಕೂ ಹೋದೀತು. ನಾಳೆ ರಾಶಿ ಸುಡಿಸು” ಎಂದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ತುಕ್ಕಿನ ಕಣಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಇಲ್ಲಿ ಒಂದು ಕಣ ಒಂದೇ ಗೆರೆ ಮುಚ್ಚಿದರೆ ಪಕ್ಕದ್ದು ಒಂಬತ್ತು ಮುಚ್ಚುತ್ತಿತ್ತು. ಬೆಳಿಗ್ಗೆ ಸಾಹೇಬರ ಜೊತೆ ಸವಡಿಗೆ ಹೊರಟಾಗ ಸೂಕ್ಷ್ಮದರ್ಶಕವನ್ನೂ ಬಂಡಿಯಲ್ಲಿ ಇಟ್ಟುಕೊಂಡೆ.

ಗಂಗವ್ವ ರಾಶಿಗೆ ಬೆನ್ನು ಕೊಟ್ಟು ಕೂತಿದ್ದಳು. “ಸುಡೂದಾದ್ರ ನನ್ನೂ ಕೂಡೇ ಸುಡ್ರಿ” ಎಂದಳು.

“ಯವ್ವಾ, ರಾಶಿ ಮ್ಯಾಲ ಏನರ ಪುಡಿ ಉಗ್ಗೀರೇನ?” ಎಂದು ಕೇಳಿದೆ.

“ರಾಶಿ ಪೂಜಿ ಮಾಡಲಾರದ ಬಿಡತಾರೇನ್ರಿ? ಅರಿಷಿಣ ಏರಿಸೇನಿ. ವಿಲಾಯ್ತಿ ಹತ್ತಿ, ನಮ್ಮ ದೇವರಿಗೆ ಗುರುತಿಲ್ಲ ಅಂತ ಒಂದು ಮುಷ್ಟಿ ಜಾಸ್ತೀನ ಏರಿಸೇನಿ!”

ನನಗೆ ನಗು ತಡೆಯಲಾಗಲಿಲ್ಲ. ಸಾಹೇಬರು ಮಾತ್ರ ಕಣ್ಣಾರೆ ಕಾಣದೆ ಒಪ್ಪುವವರಲ್ಲ. ಗಂಗವ್ವನ ಎಲೆಅಡಿಕೆ ಚೀಲದಿಂದ ಸುಣ್ಣ ಇಸಿದುಕೊಂಡು ನೀರಲ್ಲಿ ಕದಡಿ, ಗಾಜಿನ ಮೇಲಿನ ಹತ್ತಿಗೆ ಒಂದು ಹನಿ ಬಿಟ್ಟೆ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ರೋಗದ ಕಣ ಹಾಗೆ ಬಣ್ಣ ತಿರುಗುವುದಿಲ್ಲ. ಸಾಹೇಬರು ನೋಡುತ್ತಿದ್ದಂತೆ ಹಳದಿ ಕಣಗಳು ಒಂದೊಂದೇ ಕೆಂಪಾದವು. ಕಣ್ಣುಜ್ಜಿ ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕು, ಕೊಳ್ಳಿ ಹಿಡಿದು ನಿಂತ ಆಳನ್ನು ಆಚೆ ಕಳಿಸಿ, ಗಂಗವ್ವನನ್ನೇ ಕರೆದು ತೋರಿಸಿದರು.

ಆಕೆ ಒಂದು ಕಣ್ಣು ಮುಚ್ಚಿ ಬಗ್ಗಿದಳು. “ಅಯ್ಯ ನಮ್ಮವ್ವ! ಸಾಹೇಬರ, ನಿಮ್ಮ ದುರ್ಬೀನದಾಗ ಓಕಳಿ ನಡದೈತ್ರಿ!”

ರಾಶಿಯ ಸುತ್ತ ನೆರೆದವರೆಲ್ಲ ಗೊಳ್ಳೆಂದರು. ಅವಳ ಹತ್ತಿಯ ಎಳೆ ಆ ವರ್ಷ ನಾನು ಅಳೆದ ಎಲ್ಲಕ್ಕಿಂತ ನಯವಾಗಿತ್ತು. ಮುಂದಿನ ಬಿತ್ತನೆಗೆ ಗಜೇಂದ್ರಗಡದವರೂ ಅವಳ ಬೀಜವನ್ನೇ ಕೇಳಿ ಒಯ್ದರು. ನನಗಾದ ಖುಷಿ ಇಂದಿಗೂ ಮಾಸಿಲ್ಲ.

ಎಳೆಯ ಮೇಲೆ ಏನಿದೆ ಎಂಬುದನ್ನು ಗಾಜು ತೋರಿಸೀತು. ಅದು ಅಲ್ಲಿಗೆ ಹೇಗೆ ಬಂತೆಂದು ಗಂಗವ್ವನನ್ನೇ ಕೇಳಬೇಕು.