ಕಾಕಾನ ಮಣಿಕಟ್ಟು

ನಾನು ಸೇಡಿನ ಮನುಷ್ಯ. ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಕಿವಿ ಎರಡೂ ಹೊರಕ್ಕೆ ಚಾಚಿಕೊಂಡಿರುವುದರಿಂದ ಯಾರದೋ ಮಾತು ಕದ್ದು ಕೇಳಲು ನಿಂತವನಂತೆ ಕಾಣುತ್ತೇನೆ. ಕೇಳುವುದೂ ನಿಜವೇ. ಆಮೇಲೆ ಅವರ ದನಿಯಲ್ಲೇ ಅವರಿಗೆ ತಿರುಗಿಸಿ ಕೊಡುತ್ತೇನೆ.

ರಾಯಚೂರಿನ ಭಟ್ಟಿಯೊಂದರಿಂದ ಮಂಡಾಳಿನ ಮೂಟೆಗಳನ್ನು ಬೈಕಿನ ಮೇಲೆ ದೇವದುರ್ಗದ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಮಂಡಕ್ಕಿಗೆ ನಮ್ಮ ಕಡೆ ಮಂಡಾಳು ಅನ್ನುತ್ತಾರೆ. ತೂಕ ಕೋಳಿಯದು, ಗಾತ್ರ ಎಮ್ಮೆಯದು. ಮೂರು ಮೂಟೆ ಕಟ್ಟಿದರೆ ಹಿಂದಿನಿಂದ ನೋಡಿದವರಿಗೆ ಸವಾರನೇ ಕಾಣುವುದಿಲ್ಲ.

ಅದೇ ಭಟ್ಟಿಯಿಂದ ಮಾನ್ವಿ ಲೈನಿಗೆ, ಅಂದರೆ ಆ ದಾರಿಯ ಅಂಗಡಿಗಳಿಗೆ, ಮೂಟೆ ಒಯ್ಯುತ್ತಿದ್ದ ಹಿರಿಯ ಸವಾರರೊಬ್ಬರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ನನಗೆ ಗಾಡಿ ಕಲಿಸಿದವರೂ ಅವರೇ, ತಮ್ಮ ಹೊಗೆ ಕಾರುವ ಹಳೆಯ ಟೂ-ಸ್ಟ್ರೋಕ್ ಮೇಲೆ. ಅದಕ್ಕೆ ಅವರದೊಂದು ವಿದ್ಯೆ ಇತ್ತು. ಕಲ್ಮಲಾಕ್ಕೆ ಮುಂಚಿನ ಹಳ್ಳದ ಸೇತುವೆಯ ಇಳಿಜಾರು ಬಂತೆಂದರೆ ಆಕ್ಸಿಲರೇಟರ್ ಫಟ್ಟನೆ ಬಿಟ್ಟುಬಿಡುವುದು. ಗಾಡಿ ತಾನೇ ಜಾರಿಕೊಂಡು ಊರಿನವರೆಗೆ ಹೋಗುತ್ತಿತ್ತು. ಪೆಟ್ರೋಲ್ ಉಳಿಯಿತು, ಗಂಡಸುತನವೂ ಉಳಿಯಿತು.

ಭಟ್ಟಿಯ ಯಜಮಾನರು ನನಗೊಂದು ಫೋರ್-ಸ್ಟ್ರೋಕ್ ಬೈಕ್ ತಂದುಕೊಟ್ಟರು. ಆ ಸೇತುವೆ ದಾಟಿ ಕಲ್ಮಲಾದವರೆಗೆ ನಮ್ಮಿಬ್ಬರದೂ ಒಂದೇ ದಾರಿ. ಮೊದಲ ದಿನವೇ ಇಳಿಜಾರಿನಲ್ಲಿ, ಎರಡನೇ ಗೇರಿನಲ್ಲಿದ್ದಾಗ, ಕಲಿತ ಹಾಗೆಯೇ ಫಟ್ಟನೆ ಬಿಟ್ಟೆ. ಫೋರ್-ಸ್ಟ್ರೋಕ್ ಜಾರುವ ಜಾತಿಯಲ್ಲ. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಇಂಜಿನ್ನು ಹಿಂದಿನ ಗಾಲಿಯನ್ನು ಹಿಡಿದುಬಿಟ್ಟಿತು. ಮೇಲಿನ ಮೂಟೆ ನನ್ನ ತಲೆಯ ಮೇಲೆ ಬಂತು, ಲೋಕ ಕತ್ತಲಾಯಿತು, ನಾನು ರಸ್ತೆಯ ಮೇಲಿದ್ದೆ. ಮಂಡಾಳು ಡಾಂಬರಿನ ತುಂಬ. ಎಲ್ಲಿದ್ದವೋ, ಆಡುಗಳು ಬಂದವು.

ಹಿಂದೆಯೇ ಬರುತ್ತಿದ್ದ ಕಾಕಾ ಎಲ್ಲವನ್ನೂ ಕಂಡರು. ಅಂದು ಮಧ್ಯಾಹ್ನವೇ ಸಿರವಾರದ ಚಹಾ ಹೋಟೆಲಿನಲ್ಲಿ ನಾನು ಬಿದ್ದದ್ದನ್ನು ಮಾಡಿ ತೋರಿಸಿದರಂತೆ. ಮೂಟೆಯೊಳಗಿನಿಂದ ನಾನು ‘ಯವ್ವಾ’ ಎಂದದ್ದನ್ನೂ. ಅಣಕಿಸುವುದೇ ಬಾಳಾಗಿರುವ ನನ್ನನ್ನೇ ಅಣಕಿಸಿದ್ದರು, ಅದೂ ಚೆನ್ನಾಗಿ. ಅದನ್ನಾದರೂ ಮರೆಯುತ್ತಿದ್ದೆ. ಆದರೆ ಗಾಡಿಯಲ್ಲಿ ತಪ್ಪಿಲ್ಲ, ಹುಡುಗನ ಕೈ ಸರಿಯಿಲ್ಲ ಎಂದು ಯಜಮಾನರ ಕಿವಿಗೆ ಹಾಕಿ ದೇವದುರ್ಗ ಲೈನನ್ನೂ ತಾವೇ ತೆಗೆದುಕೊಂಡರು. ಕಲಿಸಿದ ಕೈ ಯಾರದು ಎಂಬುದನ್ನು ಹೇಳಲಿಲ್ಲ. ನನಗೆ ಉಳಿದದ್ದು ಭಟ್ಟಿಗೆ ಉರಿಸಲು ಯಾಪಲದಿನ್ನಿ ಕಡೆಯಿಂದ ಅದೇ ಫೋರ್-ಸ್ಟ್ರೋಕಿನ ಮೇಲೆ ಭತ್ತದ ಹೊಟ್ಟು ತರುವ ಕೆಲಸ. ದೇವದುರ್ಗ ಲೈನು ವಾಪಸ್ಸು ಬೇಕು, ಅದೂ ಕಾಕಾನ ಕೈಯಿಂದಲೇ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಹೊಟ್ಟಿನ ಮೂಟೆಗಳ ಜೊತೆ ತಿಂಗಳುಗಟ್ಟಲೆ ಆ ಗಾಡಿಯನ್ನು ಓದಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತೆರೆದೇ ಇಡಬೇಕು, ಮೆಲ್ಲಗೆ ಮುಚ್ಚುತ್ತ ಬರಬೇಕು, ಗೇರನ್ನು ಒಂದೊಂದಾಗಿ ಇಳಿಸಬೇಕು. ಆಗ ಇಂಜಿನ್ನು ಜಗ್ಗುವುದಿಲ್ಲ, ಮೂಗುದಾರ ಹಿಡಿದ ಹಾಗೆ ನಿಧಾನಕ್ಕೆ ಇಳಿಸಿಕೊಡುತ್ತದೆ. ಬ್ರೇಕಿಗೆ ಎರಡು ಬೆರಳು ಸಾಕು.

ಅಷ್ಟರಲ್ಲಿ ಕಾಕಾನ ಟೂ-ಸ್ಟ್ರೋಕಿನ ಪಿಸ್ಟನ್ ಹಿಡಿದುಕೊಂಡಿತು, ಗಾಡಿ ಮೂಲೆ ಸೇರಿತು. ಯಜಮಾನರು ನನ್ನ ಗಾಡಿಯ ಕೀಲಿಯನ್ನು ಅವರ ಕೈಗೆ ಕೊಟ್ಟರು. ಈಗ ನಾನು ಹೇಳಬೇಕಿತ್ತು. ಹೇಳಿದೆ ಕೂಡ. ಭಟ್ಟಿಯವರೆಲ್ಲ ನೆರೆದಿದ್ದಾಗ, ಸೊಂಟದ ಮೇಲೆ ಕೈಯಿಟ್ಟು, ಗಂಟಲು ಕೆರೆದು, ಕಾಕಾನ ದನಿಯಲ್ಲಿ.

“ಲೇ ತಮ್ಮಾ, ಇಳಿಜಾರಿನ್ಯಾಗ ಪೂರಾ ಬಿಡಬ್ಯಾಡ. ಈ ಗಾಡಿ ಹಿಂದಕ್ಕ ಜಗ್ತದ.”

ಎಲ್ಲರೂ ನಕ್ಕರು. ಕಾಕಾ ಮೂಟೆಯ ಹಗ್ಗ ಬಿಗಿಯುತ್ತ ತಿರುಗಿಯೂ ನೋಡಲಿಲ್ಲ. “ನನಗ ಕಲಸ್ತಿಯೇನಲೇ? ನಿನ್ನ ಮೀಸಿ ಮೂಡೂ ಮೊದಲ ಆ ಇಳಿಜಾರು ನೋಡೀನಿ.”

ನಾನು ಹೇಳಿದ್ದು ಅಕ್ಷರಶಃ ಸತ್ಯ. ಅವರ ದನಿಯಲ್ಲಿ ಹೇಳಿದರೆ ಅವರು ಕೇಳುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದೆ. ಇದನ್ನು ಯಾರಾದರೂ ಪಾಪ ಎಂದರೆ ಎನ್ನಲಿ.

ಟಂಟಂ ಆಟೋ ಹತ್ತಿ ಅವರ ಹಿಂದೆಯೇ ಹೋದೆ. ಸೇತುವೆಯ ಇಳಿಜಾರಿನಲ್ಲಿ ಕಾಕಾ ಫಟ್ಟನೆ ಬಿಟ್ಟರು. ಗಾಲಿ ಕಿರುಗುಟ್ಟಿತು, ಮೂಟೆ ಅವರ ಹೆಗಲನ್ನು ದಾಟಿತು, ಕಾಕಾ ಪಕ್ಕದ ಜಾಲಿಯ ಪೊದೆಯಲ್ಲಿ ಕೂತರು. ಮೊಣಕೈ ತರಚಿತ್ತು, ಅಷ್ಟೇ. ನಾನು ಇಳಿದವನೇ ಅವರನ್ನು ಎತ್ತಲಿಲ್ಲ. ಮೊದಲು ಅವರು ಕೂತ ಭಂಗಿಯನ್ನು ಸರಿಯಾಗಿ ನೋಡಿಕೊಂಡೆ, ಆಮೇಲೆ ಕೈಕೊಟ್ಟೆ. ಸಂಜೆಯೊಳಗೆ ಸಿರವಾರ, ಮಾನ್ವಿ, ದೇವದುರ್ಗ ಮೂರೂ ಕಡೆ ಆ ಭಂಗಿ ಪ್ರದರ್ಶನ ಕಂಡಿತು.

ಯಜಮಾನರು ಮಾತು ಬೆಳೆಸಲಿಲ್ಲ. ಕೀಲಿ ನನಗೆ ಕೊಟ್ಟರು. ಕಾಕಾ ಈ ಗಾಡಿ ಕಲಿತರೆ ಇನ್ನೊಂದನ್ನು ತರುತ್ತೇನೆ, ಇಲ್ಲದಿದ್ದರೆ ಭಟ್ಟಿಯಲ್ಲಿ ಮಂಡಾಳು ಹುರಿಯುವ ಮರಳು ಜರಡಿ ಹಿಡಿಯಲಿ ಎಂದರು.

ಕಲಿಸುತ್ತೇನೆ ಎಂದೆ, ಒಂದು ಷರತ್ತಿನ ಮೇಲೆ. ಸಿರವಾರದ ಅದೇ ಹೋಟೆಲಿಗೆ ಬಂದು, ನಾನು ಬಿದ್ದದ್ದಕ್ಕೆ ನಕ್ಕವರ ಮುಂದೆಯೇ ಕೇಳಬೇಕು. ಕಾಕಾ ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದರು. ಚಹಾದ ಲೋಟ ನೋಡುತ್ತ, “ತಮ್ಮಾ, ಕಲಸು” ಎಂದರು.

“ಕೇಳಿಸಲಿಲ್ಲರೀ.”

“ಕಲಸ್ರೀ ಯಪ್ಪಾ. ದೇವದುರ್ಗ ಲೈನ್ ಇನ್ ಮ್ಯಾಲ ನಿಂದೇ.”

ಮರುದಿನ ಬೆಳಿಗ್ಗೆ ನನ್ನ ಗಾಡಿಯ ಮೇಲೆ ಅವರು ಮುಂದೆ, ನಾನು ಹಿಂದೆ. ಸೇತುವೆ ಬಂತು. ಅವರ ಬಲಗೈ ಹಳೆಯ ಚಾಳಿಯಂತೆ ಬಿಡಲು ಹೊರಟಿತು. ಬಗ್ಗಿ ಆ ಮಣಿಕಟ್ಟನ್ನು ಹಿಡಿದೆ. ಗಾಡಿ ಒಂದಿಷ್ಟೂ ಜಗ್ಗದೆ ಇಳಿಯಿತು.

“ನೋಯ್ತದಲೇ” ಎಂದರು ಕಾಕಾ.

“ಗೊತ್ತದರೀ” ಎಂದೆ, ಕಲ್ಮಲಾ ಬರುವವರೆಗೂ ಬಿಡಲಿಲ್ಲ.